ಐರಾಳ ಕೆನ್ನೆಗೆ ಹಚ್ಚಿದ ನೀಲಿ

ಬರ್ಕಾ, ಒಮಾನ್
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಪ್ರಣೀತಾ,

ಹೇಗಿದ್ದೀ? ಈ ಪ್ರಶ್ನೆಗೆ ನೀನು ಪ್ರತಿ ಸಲವೂ ‘ಇದ್ದೇನೆ’ ಎನ್ನುತ್ತೀ. ಇರುವುದು ನನಗೂ ಗೊತ್ತು, ನಾನು ಕೇಳಿದ್ದು ಹೇಗೆ ಎಂದು. ಊಟ ಸೇರುತ್ತದೆಯೇ? ಕಣ್ಣಿಗೆ ನಿದ್ದೆ ಹತ್ತುತ್ತದೆಯೇ? ಅಮ್ಮನ ಮೊಣಕಾಲು ಈ ಚಳಿಗೆ ಮತ್ತೆ ಹಿಡಿದುಕೊಂಡಿರಬೇಕು. ಎಣ್ಣೆ ಕಳುಹಿಸಿದ್ದೇನೆ, ಹಚ್ಚುವಾಗ ನೀನೇ ತಿಕ್ಕು. ಅವಳ ಕೈಗೆ ಬಾಟಲಿ ಕೊಟ್ಟರೆ ಅದು ದೇವರ ಕೋಣೆಯ ಕಪಾಟಿಗೆ ಹೋಗಿ ತೀರ್ಥದ ಹಾಗೆ ಕೂತುಬಿಡುತ್ತದೆ. ನಾವಿಲ್ಲಿ ಸೌಖ್ಯ. ನಿನ್ನ ಅತ್ತಿಗೆ ಮೋಹಿನಿಗೆ ಬಿ.ಪಿ. ಸ್ವಲ್ಪ ಏರಿದೆ. ಕಾರಣ ನಾನೇ ಎಂದು ಅವಳು ಡಾಕ್ಟರ ಎದುರಿಗೇ ಹೇಳಿದಳು, ಡಾಕ್ಟರು ಬರೆದುಕೊಳ್ಳಲಿಲ್ಲ ಅಷ್ಟೆ.

ಫೋನು ಇರುವಾಗ ಕಾಗದ ಏಕೆ ಎಂದು ಕೇಳುತ್ತೀ. ನನ್ನ ವಾಯ್ಸ್ ಮೆಸೇಜುಗಳನ್ನು ನೀನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತೀ ಎಂದು ಅಮ್ಮ ಬಾಯಿಬಿಟ್ಟಿದ್ದಾಳೆ. ಕಾಗದಕ್ಕೆ ಆ ಗುಂಡಿ ಇಲ್ಲ. ನಮ್ಮ ಸಿಪ್ರಿಯನ್ ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನೂ, ಎಣ್ಣೆಯನ್ನೂ, ಒಂದು ಡಬ್ಬಿ ಬರ್ಕಾದ ಹಲ್ವವನ್ನೂ ಕೊಟ್ಟಿದ್ದೇನೆ. ಹಲ್ವ ಪೂರ್ತಿ ತಲುಪಿದರೆ ಸಿಪ್ರಿಯನ್‌ಗೆ ಹುಷಾರಿಲ್ಲ ಎಂದು ತಿಳಿ. ಲಾಂಡ್ರಿ ಚೆನ್ನಾಗಿ ನಡೆಯುತ್ತಿದೆ. ಸೆಖೆ ಇಳಿದು ಮದುವೆಗಳು ಶುರುವಾಗಿವೆ, ಇಲ್ಲಿನ ಗಂಡಸರ ಬಿಳಿ ನಿಲುವಂಗಿ, ದಿಶ್‌ದಾಶಗಳು, ರಾಶಿ ರಾಶಿ ಬರುತ್ತಿವೆ. ಇಸ್ತ್ರಿಯ ಗುರುವ ನೀನು ಯಾವಾಗ ಬರುತ್ತೀ ಎಂದು ಕೇಳುತ್ತಿರುತ್ತಾನೆ. ನೀನು ಶುಕ್ರವಾರಗಳಲ್ಲಿ ಬಂದು ಕೌಂಟರಿನಲ್ಲಿ ಕೂತರೆ ಗಿರಾಕಿಗಳು ಜಗಳವಾಡುತ್ತಿರಲಿಲ್ಲವಂತೆ. ನಾನು ಕೂತರೆ ಆಡುತ್ತಾರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ವಿಚಾರಣೆ ಆಯಿತು. ಏನಾಯಿತು ಎಂದು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಓದುವುದಿಲ್ಲ, ಆದ್ದರಿಂದ ಸಾಲಾಗಿ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿನ್ನ ಪರವಾಗಿ ಸಮಿತಿಯ ಮುಂದೆ ನಾನು ಹೇಳಿದ ಕಥೆ ನೀನು ಕಂಡ ಕಥೆಯೇ ಹೌದೋ ಅಲ್ಲವೋ ಎಂದು ನೀನು ನೋಡಬೇಕು. ನಾನು ಮಾತಿನಲ್ಲಿ ಬೆಳೆದವನು, ಹೇಳುತ್ತಾ ಹೇಳುತ್ತಾ ಕಥೆಗೆ ಗಂಜಿ ಹಾಕಿ ಗರಿಗರಿ ಮಾಡುವ ಅಭ್ಯಾಸ ಉಂಟು. ಆದ್ದರಿಂದ ಪೆನ್ನು ಹಿಡಿದು ಕೂತು ಓದು.

ಮಾರ್ಚ್ ತಿಂಗಳ ಆ ಬೆಳಿಗ್ಗೆ ಬೌಷರಿನಲ್ಲಿ ನೀನು ಕಲಿಸುತ್ತಿದ್ದ ನರ್ಸರಿಗೆ ಶೈಲಶ್ರೀಯವರು ಮಗಳು ಐರಾಳನ್ನು ಬಿಡಲು ಬಂದರು. ಅಜ್ಜಿ ಈರವ್ವನ ಹೆಸರನ್ನೇ ಕತ್ತರಿಸಿ, ಇಸ್ತ್ರಿ ಹಾಕಿ ಐರಾ ಮಾಡಿದ್ದಂತೆ. ಮಗುವಿನ ಬಲ ದವಡೆ ಆಗಲೇ ಊದಿತ್ತು, ಮೈ ಬೆಚ್ಚಗಿತ್ತು. ಗಂಡ ಸೋಮನಾಥ ದೂರದ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ, ಬರುವುದು ವಾರದ ಕೊನೆಗೆ. ಆಕೆಯ ಆಫೀಸಿನಲ್ಲಿ ರಜೆ ಎಲ್ಲ ತೀರಿ, ಇನ್ನೊಂದು ಕೇಳಿದರೆ ಕೆಲಸವೇ ಹೋಗುವ ಹಾಗಿತ್ತು. ‘ಇವತ್ತೊಂದಿನ ನೋಡ್ಕೊಳ್ವಾ ತಂಗಿ, ಯಾರ ಮುಂದನೂ ಹೇಳಬ್ಯಾಡ’ ಎಂದು ಕೈ ಹಿಡಿದರು. ನೀನು ಹೂಂ ಎಂದೆ. ನಿನ್ನ ಬಾಯಿಂದ ‘ಇಲ್ಲ’ ಎಂಬ ಮಾತು ನಾನಂತೂ ಕೇಳಿಲ್ಲ. ದೇವರು ನಿನ್ನ ಪಾಲಿನ ಮಾತನ್ನೂ ನನ್ನ ಎಲೆಗೇ ಬಡಿಸಿದ್ದಾನೆ. ಬೇರೆ ಕೋಣೆ ಇರಲಿಲ್ಲ, ಮಗುವನ್ನು ನಿನ್ನ ತರಗತಿಯಲ್ಲೇ, ಉಳಿದ ಮಕ್ಕಳ ಜೊತೆಗೇ ಕೂರಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಬಾವು ಹೆಚ್ಚಿತು, ಮಗು ಅತ್ತಿತು. ಆಗ ನೀನು ನಮ್ಮೂರು ಬೆಳ್ಮಣ್ಣಿನ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದೆ. ಏಪ್ರನ್ ಬೆಳ್ಳಗಾಗಲಿ ಎಂದು ನಮ್ಮ ಅಂಗಡಿಯಿಂದ ಒಯ್ದಿದ್ದ ನೀಲಿ ಬಾಟಲಿ ತೆಗೆದು, ಎರಡು ಹನಿ ನೀರಿಗೆ ಬೆರೆಸಿ ಬಾವಿನ ಮೇಲೆ ದಟ್ಟವಾಗಿ ಹಚ್ಚಿದೆ. ನಿನ್ನ ಕೊರಳಿನ ಸರ ತೆಗೆದು ಮಗುವಿನ ಕೊರಳಿಗೆ ಹಾಕಿದೆ. ಮಂಗನಬಾವಿಗೆ ನೀಲಿ ಮತ್ತು ಚಿನ್ನ. ಯಾವುದು ಎಳೆಯುತ್ತದೋ ಯಾವುದು ಇಳಿಸುತ್ತದೋ ಕೇಳಿದವರಿಲ್ಲ. ನನಗೆ ಮಂಗನಬಾವು ಬಂದಾಗ ನೀನಿನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ಚಿನ್ನವಿಲ್ಲದೆ ಅಮ್ಮ ಪಕ್ಕದ ಮನೆಯ ಸರ ಕೇಳಿ ತಂದು ಹಾಕಿದ್ದಳು. ನೀಲಿ ಗಡ್ಡ, ಚಿನ್ನದ ಸರ, ಕೆಳಗೆ ಹರಿದ ಚಡ್ಡಿ. ಹಾಗೆ ಇಡೀ ಬೈಲಿನಲ್ಲಿ ಮದುಮಗನ ಹಾಗೆ ತಿರುಗಿದ್ದೆ. ನಮ್ಮೂರಲ್ಲಿ ಅದನ್ನು ಕಂಡವರು ‘ಹೋ, ಇವನಿಗೂ ಬಂತಾ’ ಎಂದು ದೂರ ನಿಂತು ನಕ್ಕು ಹೋಗುತ್ತಿದ್ದರು. ಬೌಷರಿನಲ್ಲಿ ಅದೇ ಬಣ್ಣವನ್ನು ಊದಿದ ಕೆನ್ನೆಯ ಮೇಲೆ ಕಂಡವರಿಗೆ ಹೊಡೆತದ ಗುರುತು ಎನ್ನಿಸಿತು. ಆಮೇಲೆ ಹರಡಿದ ಫೋಟೋ ನಾನೂ ನೋಡಿದೆನಲ್ಲ, ದಿನಾ ನೀಲಿ ಕಲಸುವ ನಾನೇ ಮೊದಲ ನೋಟಕ್ಕೆ ಮೋಸಹೋದೆ.

ಸಂಜೆ ಮಗಳು ಸಾನ್ವಿಯನ್ನು ಕರೆದೊಯ್ಯಲು ಬಂದ ಬಸವಪ್ರಭು ಮೊದಲು ಕಂಡದ್ದು, ಫೋಟೋ ತೆಗೆದದ್ದು, ಪಾಲಕರ ಗುಂಪಿಗೆ ‘ನಮ್ಮ ಮಕ್ಕಳಿಗೆ ಇಲ್ಲಿ ಏನು ಮಾಡುತ್ತಾರೆ ನೋಡಿ’ ಎಂದು ಹಾಕಿದ್ದು. ಶೈಲಶ್ರೀಯವರು ಆಫೀಸಿನಿಂದ ಬರುವಾಗ ಗೇಟಿನಲ್ಲಿ ಜನ. ‘ಬೆಳಿಗ್ಗೆ ಹೀಗಿತ್ತಾ?’ ಎಂದು ಅವರೆಲ್ಲ ಆಕೆಯನ್ನು ಕೇಳಿದರು. ಆಕೆ ‘ಇಲ್ಲ’ ಎಂದರು. ನೀನು ಮಗುವಿನ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಆ ಒಂದು ‘ಇಲ್ಲ’ ಮತ್ತು ನಿನ್ನ ಮೌನ ಎರಡೂ ಸೇರಿ ನಿನ್ನ ಹೆಸರು ನರ್ಸರಿಗಳ ಒಕ್ಕೂಟದ ಪಟ್ಟಿಗೆ ಹೋಯಿತು: ಮಗುವಿಗೆ ಹೊಡೆದವಳು, ಮಕ್ಕಳ ಹತ್ತಿರ ಬಿಡಬಾರದವಳು. ಕೆಲಸ ಹೋಯಿತು, ವೀಸಾ ಹೋಯಿತು, ನೀನು ಊರಿಗೆ ಹೋದೆ. ಊರಿನಲ್ಲೂ ರೋಸಲಿಂಡ್ ಟೀಚರು ತಮ್ಮ ಶಾಲೆಯಲ್ಲಿ ಜಾಗ ಕೊಡುತ್ತೇನೆ ಎಂದವರು ಹಿಂದಿನ ಕಡೆಯ ಪತ್ರ ಕೇಳಿದರು. ಪತ್ರ ಕೇಳಿದರೆ ಪಟ್ಟಿ ಬರುತ್ತದೆ. ಕ್ರಿಸ್‌ಮಸ್ ರಜೆಯವರೆಗೆ ಕಾಯುತ್ತೇನೆ ಎಂದರಲ್ಲ, ಅದು ದೊಡ್ಡ ಗುಣ.

ಒಕ್ಕೂಟದ ಕಾರ್ಯದರ್ಶಿ ಮ್ಯಾಥ್ಯೂ ಸಾರ್ ಎನ್ನುವವರು. ಕೋಟ್ಟಯಂ ಕಡೆಯವರು, ಮಂಗಳೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತದೆ. ಮೇಲ್ಮನವಿ ಕೊಡಲು ಹೋದಾಗ ನಾನು ಮೇಜಿನ ಮೇಲೆ ನೀಲಿ ಬಾಟಲಿ ಇಟ್ಟು, ನನ್ನ ಕೆನ್ನೆಗೇ ಹಚ್ಚಿ ತೋರಿಸಿದೆ. ಅವರು ನಗಲಿಲ್ಲ. ‘ಭೋಜರಾಜ್, ಒರೆಸ್ಕೊಳ್ಳಿ ಮಾರಾಯ್ರೆ’ ಎಂದು ಟಿಶ್ಯೂ ಕೊಟ್ಟರು. ಆಮೇಲೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು. ‘ನೀಲಿ ಅಂತ ನಾನು ನಂಬ್ತೇನೆ. ಆದರೆ ನೀಲಿ ಹಚ್ಚಿದ್ದು ಬಾವಿಗೆ ಅಲ್ವಾ? ಬಾವು ಬೆಳಿಗ್ಗೆಯೇ ಇತ್ತಾದರೆ ನಿಮ್ಮ ತಂಗಿ ಏನು ಮಾಡಿದ್ದು? ಆ ಸತ್ಯ ತರ್ತೀರಾದರೆ ತನ್ನಿ, ಅದು ಒಂದೇ ಬರೂದಿಲ್ಲ, ಬಾಲ ಹಿಡ್ಕೊಂಡು ಇನ್ನೊಂದು ಬರ್ತದೆ.’ ನನಗಾಗ ಅರ್ಥವಾಯಿತು. ಹೊಡೆಯಲಿಲ್ಲ ಎಂದು ತೋರಿಸಲು ಕಾಯಿಲೆಯ ಮಗು ಎಂದು ತೋರಿಸಬೇಕು. ಕಾಯಿಲೆಯ ಮಗು ಎಂದ ಕೂಡಲೇ, ಗೊತ್ತಿದ್ದೂ ಏಕೆ ಇಟ್ಟುಕೊಂಡೆ ಎಂಬ ಪ್ರಶ್ನೆ. ಆ ಪಟ್ಟಿಯಲ್ಲಿ ಹೊಡೆದವರಿಗೆ ಒಂದು ಸಾಲು, ಅಲಕ್ಷ್ಯ ಮಾಡಿದವರಿಗೆ ಇನ್ನೊಂದು ಸಾಲು. ಎರಡನೆಯದರಲ್ಲಿ ಪಾಲಕರ ಹೆಸರನ್ನೂ ಬರೆಯುತ್ತಾರೆ. ಬರೆದರೆ ಅವರ ಮಗುವಿಗೆ ಯಾವ ನರ್ಸರಿಯಲ್ಲೂ ಜಾಗ ಸಿಗುವುದು ಕಷ್ಟ. ನೀನು ಗೇಟಿನಲ್ಲಿ ಏಕೆ ಸುಮ್ಮನಿದ್ದೆ ಎಂದು ನನಗೆ ಅಂದು ಹೊಳೆಯಿತು. ಆ ತಾಯಿಯ ಕೆಲಸ ಉಳಿಯಲಿ ಎಂದು. ಪುಣ್ಯ ನಿನಗೆ, ಓಡಾಟ ನನಗೆ.

ಶೈಲಶ್ರೀಯವರ ಫ್ಲಾಟಿಗೆ ನಾನು ಜಗಳಕ್ಕೇ ಹೋದದ್ದು. ಬರ್ಕಾದಿಂದ ಬೌಷರಿನವರೆಗೂ ಕಾರಿನಲ್ಲಿ ಮಾತು ಮಸೆಯುತ್ತಾ ಹೋಗಿದ್ದೆ. ಬಾಗಿಲು ತೆಗೆದವಳು ಐರಾ. ಕೆನ್ನೆ ಗುಂಡುಗುಂಡಾಗಿ ಸರಿಯಾಗಿದೆ. ಕೊರಳಲ್ಲಿ ನಿನ್ನ ಸರ! ಅದು ಅಂಗಡಿಯ ಲಾಕರಿನಲ್ಲಿದೆ ಎಂದು ಅಮ್ಮನಿಗೆ ನೀನು ಹೇಳಿದ್ದೀಯಲ್ಲ, ಕಳ್ಳಿ. ನನ್ನನ್ನು ಕಂಡು ಮಗು ‘ಮಮ್ಮಾ, ಪಣ್ಣಿ ಆಂಟೀಸ್ ಬ್ರದರ್’ ಎಂದು ಒಳಗೆ ಓಡಿತು. ನಿನ್ನ ಫೋನಿನಲ್ಲಿ ನನ್ನ ಫೋಟೋ ನೋಡಿತ್ತಂತೆ. ಮಸೆದ ಮಾತೆಲ್ಲ ಅಲ್ಲೇ ಮೊಂಡಾಯಿತು. ಶೈಲಶ್ರೀಯವರು ಚಹಾ ಇಟ್ಟರು, ಚೂಡಾ ಇಟ್ಟರು, ನಾನು ಒಂದು ಹಿಡಿ ಬಾಯಿಗೆ ಹಾಕುವುದನ್ನೇ ಕಾದು ಹೇಳಿದರು: ‘ಅಣ್ಣಾರ, ಸರ ನಾ ಕಳವು ಮಾಡಿಲ್ರಿ. ಹೊಳ್ಳಿ ಕೊಡಾಕ ಹೋದ್ರ ಯಾಕ ಹಾಕಿದ್ರು ಅಂತ ಕೇಳತಾರಂತ ಅಂಜಿದೆ. ಗೇಟಿನ್ಯಾಗ ಅಷ್ಟ ಮಂದಿ ನಿಂತಿದ್ರು. ಬಾಯಾಗ ಇಲ್ಲ ಅಂತ ಬಂದಬಿಡ್ತು. ಬಂದ ಮ್ಯಾಲೆ ಹೊಳ್ಳಿ ನುಂಗಾಕ ಆಗಲಿಲ್ರಿ.’ ಮಗುವನ್ನು ಆ ವಾರವೇ ಆಸ್ಪತ್ರೆಯಲ್ಲಿ ತೋರಿಸಿ, ಮಂಗನಬಾವು ಎಂದು ಬರೆಸಿಕೊಂಡ ಚೀಟಿಯೂ ಆಕೆಯ ಹತ್ತಿರ ಇತ್ತು. ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟರು. ನನ್ನ ಬಾಯಲ್ಲಿ ಚೂಡಾ ಇದ್ದದ್ದರಿಂದ ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿದ ಮೇಲೆಯೇ ಮಾತಾಡಿದೆ. ನನ್ನ ಜೀವನದಲ್ಲಿ ಅದು ಅಪರೂಪ.

ಆಮೇಲೆ ನಾನೊಂದು ದಾರಿ ಹುಡುಕಿದೆ. ಇಪ್ಪತ್ತು ವರ್ಷದಿಂದ ಗಿರಾಕಿಯ ಕಲೆಗೂ ಅಂಗಡಿಯ ಹೆಸರಿಗೂ ನಡುವೆ ದಾರಿ ಹುಡುಕಿ ಬದುಕಿದವನು ನಾನು. ಚೀಟಿ ತೋರಿಸುವುದು ಬೇಡ. ಸಮಿತಿ ಕೇಳಿದರೆ ಶೈಲಶ್ರೀಯವರು ‘ಬೆಳಿಗ್ಗೆ ಹೇಗಿತ್ತೋ ಈಗ ನೆನಪಿಲ್ಲ’ ಎಂದರೆ ಸಾಕು. ಅವರ ‘ಇಲ್ಲ’ ಒಂದರ ಮೇಲೆಯೇ ಅಲ್ಲವೇ ಇಡೀ ದೂರು ನಿಂತಿರುವುದು? ಅದು ಅಲುಗಿದರೆ, ಸಾಕ್ಷಿ ಸಾಲದು ಎಂದು ನಿನ್ನ ಹೆಸರು ಉದುರುತ್ತದೆ, ಅವರ ಹೆಸರು ಹತ್ತುವುದಿಲ್ಲ. ಎರಡೂ ಬಟ್ಟೆ ಬಿಳಿ. ಮೋಹಿನಿಗೆ ಹೇಳಿದೆ. ‘ನಿಮ್ಮ ಬಟ್ಟೆಗೆ ಹಾಕುವ ಇಸ್ತ್ರಿ ಒಮ್ಮೆ ನಿಮ್ಮ ಬಾಯಿಗೂ ಹಾಕ್ಬೇಕು’ ಎಂದಳು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ. ಗುರುವಾರ ಶೈಲಶ್ರೀಯವರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಗುವಿಗೆ ಪದ್ಯ ಬಾಯಿಪಾಠ ಮಾಡಿಸುವ ಹಾಗೆ ‘ನೆನಪಿಲ್ಲ’ ಹೇಳಿಸಿದೆ. ಮೊದಲು ಕಣ್ಣು ಕೆಳಗೆ ಹಾಕಿ ಹೇಳುತ್ತಿದ್ದರು, ಕೊನೆಕೊನೆಗೆ ನನ್ನ ಮುಖ ನೋಡಿಯೇ ಹೇಳಿದರು. ಪಾಸ್ ಎಂದೆ.

ಸಮಿತಿಯ ಅಧ್ಯಕ್ಷೆ ಒಮಾನಿ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಕಿರಿಯರು, ಹಿಂದಿ ನಮ್ಮಿಬ್ಬರಿಗಿಂತ ಚೆನ್ನಾಗಿ ಮಾತಾಡುತ್ತಾರೆ. ನಾನು ನೀಲಿಯ ಕಥೆ, ಸರದ ಕಥೆ, ನನ್ನ ಮದುಮಗನ ಕಥೆ ಎಲ್ಲ ಹೇಳಿದೆ. ಅವರು ನಕ್ಕರು. ತಮ್ಮ ಅಜ್ಜಿಯೂ ಬಾವು ಬಂದರೆ ಏನೇನೋ ಅರೆದು ಮೆತ್ತುತ್ತಿದ್ದಳು, ಶಾಲೆಗೆ ಹೋದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂದರು. ಗೆದ್ದೆ ಎಂದುಕೊಂಡು ಇನ್ನೊಂದು ಕಥೆಗೆ ಬಾಯಿ ತೆಗೆದೆ. ಅವರು ಕೈ ಎತ್ತಿ ‘ಖಲಾಸ್’ ಎಂದರು, ಶೈಲಶ್ರೀಯವರ ಕಡೆ ತಿರುಗಿದರು. ಬೆಳಿಗ್ಗೆ ಮಗುವಿನ ದವಡೆ ಊದಿತ್ತೇ ಎಂದು ಕೇಳಿದರು. ಶೈಲಶ್ರೀ ನನ್ನ ಕಡೆ ಒಂದು ಸಲ ನೋಡಿದರು. ನಾನು ತಲೆ ಆಡಿಸಿದೆ, ಹೇಳಿ ಎನ್ನುವ ಹಾಗೆ. ಆಕೆ ಹಿಂದಿಯಲ್ಲಿ ಶುರು ಮಾಡಿ, ಹಿಂದಿ ಸಾಲದೆ ಕನ್ನಡಕ್ಕೆ ಬಂದರು: ‘ಊದಿತ್ತ್ರಿ. ಮೈ ಸುಡತಿತ್ತು. ಗೊತ್ತಿದ್ದು ಗೊತ್ತಿದ್ದ ನಾನ ಬಿಟ್ಟು ಹೋದೆ. ಆಕಿ ಹೊಡದಿಲ್ರಿ. ಆಕಿ ನನ್ನ ಕೂಸಿಗೆ ತನ್ನ ಬಂಗಾರ ಹಾಕಿದ್ಳು.’ ಆಸ್ಪತ್ರೆಯ ಚೀಟಿಯನ್ನೂ ಸರವನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ನನಗೆ ಹೇಳದೆ ತಂದಿದ್ದರು. ಮ್ಯಾಥ್ಯೂ ಸಾರ್ ಆಕೆಯ ಕನ್ನಡವನ್ನು ಅಧ್ಯಕ್ಷೆಗೆ ಹಿಂದಿಯಲ್ಲಿ ಹೇಳುತ್ತಿರುವಾಗ ನಾನು ಛಾವಣಿ ನೋಡುತ್ತಿದ್ದೆ. ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು, ಆದರೂ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಯಾಕೋ. ಹೊರಗೆ ಬಂದ ಮೇಲೆ ‘ಎಂತ ಮಾರಾಯ್ತಿ, ಪದ್ಯ ಮರೆತುಹೋಯ್ತಾ?’ ಎಂದೆ. ‘ಮರೀಲಿಲ್ರಿ ಅಣ್ಣಾರ. ಒಮ್ಮೆ ಸುಳ್ಳು ಹೇಳಿದ ಬಾಯಿ, ಎರಡನೇ ಸರ್ತಿ ಏಳಲಿಲ್ಲ’ ಎಂದರು.

ತೀರ್ಪು ಅಂದೇ ಕೊಟ್ಟರು. ನಿನ್ನ ಹೆಸರಿನ ಎದುರು ಇದ್ದ ಮೊದಲ ಸಾಲು, ಹೊಡೆದಳು ಎನ್ನುವುದು, ಪೂರ್ತಿ ಹೊಡೆದುಹಾಕಿದ್ದಾರೆ. ಸಾಕ್ಷಿ ಸಾಲದು ಎಂದಲ್ಲ, ‘ಹೊಡೆದಿಲ್ಲ’ ಎಂದೇ ಸ್ಪಷ್ಟವಾಗಿ ಬರೆದಿದ್ದಾರೆ. ನನ್ನ ಉಪಾಯ ಫಲಿಸಿದ್ದರೆ ಈ ಮಾತು ಸಿಗುತ್ತಿರಲಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಅಮ್ಮನಿಗೆ ಓದಿ ಹೇಳು, ಎರಡು ಸಲ ಓದು. ಆದರೆ ಮ್ಯಾಥ್ಯೂ ಸಾರ್ ಹೇಳಿದ ಬಾಲವೂ ಬಂತು. ಎರಡನೆಯ ಸಾಲಿನಲ್ಲಿ, ಕಾಯಿಲೆ ಗೊತ್ತಿದ್ದೂ ಮಗುವನ್ನು ಉಳಿದ ಮಕ್ಕಳ ನಡುವೆ ಇಟ್ಟುಕೊಂಡದ್ದಕ್ಕೆ, ಯಾರಿಗೂ ತಿಳಿಸದೆ ಇದ್ದದ್ದಕ್ಕೆ, ಒಂದು ವರ್ಷದ ಮಟ್ಟಿಗೆ ನಿನ್ನ ಹೆಸರು ಬರೆದಿದ್ದಾರೆ. ನಿನ್ನದರ ಕೆಳಗೆ ಶೈಲಶ್ರೀಯವರದ್ದು. ಆಕೆ ತಕರಾರಿಲ್ಲದೆ ಅಲ್ಲೇ ಸಹಿ ಹಾಕಿದರು. ಅವರ ಗಂಡ ಸೂರ್ ಬಿಟ್ಟು ಈ ಕಡೆ ಕೆಲಸ ಹುಡುಕುತ್ತಾರಂತೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಅಜ್ಜಿ, ಅಸಲಿ ಈರವ್ವ, ಬರುತ್ತಾರಂತೆ.

ನಿನ್ನ ಸಹಿ ಬಾಕಿ ಇದೆ. ಇದರ ಜೊತೆಗಿರುವ ಹಾಳೆ ಅದೇ. ಸಹಿ ಹಾಕದೆ ಈ ತಿಂಗಳೊಳಗೆ ಎರಡನೆಯ ಸಾಲನ್ನೂ ಪ್ರಶ್ನಿಸಬಹುದು. ಪ್ರಶ್ನಿಸಿದರೆ ಗೆಲ್ಲುವ ದಾರಿ ಉಂಟು, ನಾನು ಆಗಲೇ ನೋಡಿಟ್ಟಿದ್ದೇನೆ. ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಮೈ ಮುಟ್ಟಿ ನೋಡಿ ಒಳಗೆ ಬಿಡಬೇಕಾದ ಹೆಂಗಸನ್ನು ನರ್ಸರಿಯವರು ತೆಗೆದುಹಾಕಿ ಬಹಳ ದಿನವಾಗಿತ್ತು. ಎರಡು ತರಗತಿಗೆ ನೀನೊಬ್ಬಳೇ ಇದ್ದೆ. ಕೋಣೆ ಕೊಡದವರು ಅವರು, ಹೆಸರು ಮಾತ್ರ ನಿನ್ನದೇ? ಹೀಗೆ ಹಿಡಿದರೆ ಆ ಸಾಲನ್ನು ನರ್ಸರಿಯ ತಲೆಗೆ ಹೊರಿಸಬಹುದು, ಕ್ರಿಸ್‌ಮಸ್ ಒಳಗೆ ಬಿಳಿ ಪತ್ರ ಸಿಗಬಹುದು, ರೋಸಲಿಂಡ್ ಟೀಚರ ಶಾಲೆ ನಿನ್ನದು. ಸಹಿ ಹಾಕಿದರೆ ಒಂದು ವರ್ಷ ಈ ಸಾಲಿನ ಜೊತೆಗೇ ಪತ್ರ ಹೋಗುತ್ತದೆ. ಟೀಚರು ತೆಗೆದುಕೊಂಡರೆ ಅವರ ದೊಡ್ಡ ಮನಸ್ಸು, ಇಲ್ಲವಾದರೆ ಜಾಗ ಹೋಯಿತು. ಎರಡೂ ಕಡೆ ಬರೆದಿದ್ದೇನೆ. ಯೋಚಿಸಿ ನೋಡು, ನಿರ್ಧಾರ ನಿನ್ನದು.

ಬಸವಪ್ರಭು ಆ ಫೋಟೋ ಅಳಿಸಿದ್ದಾರೆ. ಅದೇ ಗುಂಪಿನಲ್ಲಿ ‘ಪ್ರಣೀತಾ ಟೀಚರ್ ಹೊಡೆದಿರಲಿಲ್ಲ, ನಾನು ಆತುರಪಟ್ಟೆ, ಕ್ಷಮಿಸಿ’ ಎಂದು ಹೆಸರು ಹಾಕಿಯೇ ಬರೆದಿದ್ದಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಅದರ ಮಾತು ಇರಲಿ. ನಿನ್ನ ಸರ ಈಗ ಮೋಹಿನಿಯ ಹತ್ತಿರ ಜೋಪಾನವಾಗಿದೆ, ಎಂದರೆ ಹಾಕಿಕೊಂಡು ತಿರುಗುತ್ತಿದ್ದಾಳೆ. ಜನವರಿಯಲ್ಲಿ ನಾವು ಬರುವಾಗ ಬಿಚ್ಚಿಸಿ ತರುವುದು ನನ್ನ ಜವಾಬ್ದಾರಿ.

ಅಮ್ಮನ ಪಾದಕ್ಕೆ ನನ್ನದೊಂದು, ಮೋಹಿನಿಯದೊಂದು ನಮಸ್ಕಾರ ನೀನೇ ಮಾಡಿಬಿಡು. ಗುರುವ ನಿನ್ನನ್ನು ಕೇಳಿದ್ದಾನೆ ಎಂದು ಬರೆಯಲು ಹೇಳಿದ, ಬರೆದಿದ್ದೇನೆ. ಹೊಟ್ಟೆ ತುಂಬ ಉಣ್ಣು, ನಾಲ್ಕು ಜನರ ನಡುವೆ ತಲೆ ಎತ್ತಿ ನಡೆ. ದೇವರು ನಿನಗೆ ಒಳ್ಳೆಯದು ಮಾಡಲಿ, ಮತ್ತು ಸ್ವಲ್ಪ ಬಾಯಿಯನ್ನೂ ಕೊಡಲಿ.

ನಿನ್ನ ಅಣ್ಣ,
ಭೋಜರಾಜ

ತಾ.ಕ.: ಸಿಪ್ರಿಯನ್ ಹೊರಗೆ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ನಿರ್ಧಾರ ನಿನ್ನದು ಎಂದು ಮೇಲೆ ಬರೆದದ್ದು ಅಂಗಡಿಯವನ ಮಾತು. ಬಸವಪ್ರಭುವಿನ ಮನೆಯ ವಿಷಯ ಹೇಳದೆ ಈ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ತೀರ್ಪು ಅವರ ಮುಖಕ್ಕೆ ಹಿಡಿದು ನಾಲ್ಕು ಮಾತು ಆಡಬೇಕೆಂದೇ ಹೋಗಿದ್ದೆ. ‘ಒಳಗ ಬರ್ರಿ’ ಎಂದರು, ಕಾಗದ ಓದಿದರು, ನಾನು ಕೇಳುವ ಮೊದಲೇ ಫೋನು ತೆಗೆದು ಕ್ಷಮೆ ಬರೆದರು. ಆಮೇಲೆ ಹೇಳಿದರು: ‘ಆಕಿ ಹೊಡದಾಳಂದದ್ದು ನಂದ ತಪ್ಪು. ಆದ್ರ ಬ್ಯಾನಿ ಇತ್ತಂತ ಅವತ್ತ ಒಂದ್ ಮಾತ್ ಹೇಳಿದ್ರ ನಾ ನನ್ನ ಕೂಸಿನ್ನ ಮನ್ಯಾಗ ಇಟ್ಕೊಂತಿದ್ದೆ.’ ನಿನ್ನ ತರಗತಿಯ ಸಾನ್ವಿಗೆ, ಮುಂದೆ ಕೂರುತ್ತಿದ್ದಳಂತೆ, ಮೂರನೆಯ ವಾರಕ್ಕೆ ಬಾವು ಬಂತು. ಜ್ವರ ಇಳಿಯಿತು. ಬಲಗಿವಿ ಕೇಳಿಸುವುದು ನಿಂತಿತು. ಮಂಗನಬಾವಿನಿಂದ ಹಾಗೂ ಆಗುತ್ತದಂತೆ. ನಾವು ನಕ್ಕು ದೂರ ನಿಲ್ಲುವ ಕಾಯಿಲೆ ಎಂದುಕೊಂಡಿದ್ದೆವು. ಐರಾಳಿಂದಲೇ ಬಂತೆಂದು ಯಾವ ಡಾಕ್ಟರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಬಸವಪ್ರಭು ನಿನ್ನನ್ನು ಬೈಯಲಿಲ್ಲ, ನಾನು ತೀರ್ಪಿನ ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಎರಡನೆಯ ಸಾಲನ್ನು ಪ್ರಶ್ನಿಸಬೇಡ. ನರ್ಸರಿಯ ಪಾಲನ್ನು ನಾನು ನರ್ಸರಿಯಿಂದಲೇ ಬೇರೆಯಾಗಿ ಕೇಳುತ್ತೇನೆ, ಅದಕ್ಕೆ ನಿನ್ನ ಹೆಸರು ಬೇಕಾಗಿಲ್ಲ. ನೀನು ಹಾಳೆಗೆ ಸಹಿ ಹಾಕಿ ಸಿಪ್ರಿಯನ್ ಹಿಂದೆ ಬರುವಾಗ ಕೊಟ್ಟು ಕಳುಹಿಸು. ಅದರದೊಂದು ಪ್ರತಿಯನ್ನು ರೋಸಲಿಂಡ್ ಟೀಚರು ಕೇಳುವ ಮೊದಲೇ ಒಯ್ದು, ಹೀಗೆ ಹೀಗಾಯಿತು ಎಂದು ನಿನ್ನ ಬಾಯಿಂದಲೇ ಹೇಳು. ನಾನು ಫೋನು ಮಾಡಿ ಹೇಳುವುದಿಲ್ಲ, ನೀನೇ.

ನಿನ್ನೆ ಹೊರಡುವಾಗ ಸಾನ್ವಿ ಬಾಗಿಲಲ್ಲಿ ನಿಂತು ಹೊರಗೆ ಬೆಕ್ಕು ನೋಡುತ್ತಿದ್ದಳು. ನಾನು ಅವಳ ಬಲಗಡೆ ನಿಂತು ಬಾಯ್ ಎಂದೆ. ಅವಳು ತಿರುಗಲಿಲ್ಲ. ಎಡಗಡೆಗೆ ಹೋಗಿ ಇನ್ನೊಮ್ಮೆ ಹೇಳಿದೆ. ಆಗ ನಕ್ಕು ಕೈ ಬೀಸಿದಳು. ಸಹಿ ಹಾಕು, ತಂಗೀ.